ಅಂಕಿತ

ಮನೆಗೆ ಸುಣ್ಣ ಬಳಿಸಬೇಕೆಂದು ಅಟ್ಟದ ಮೇಲಿನ ಟ್ರಂಕು ಇಳಿಸಿದಾಗ ನನ್ನದೊಂದು ಹಳೆಯ ನೋಟುಬುಕ್ಕು ಸಿಕ್ಕಿತು. ಇನ್ನೂರು ಪುಟದ್ದು, ಖಾಕಿ ಕಾಗದದ ಹೊದಿಕೆ. ಮೇಲೊಂದು ಚೀಟಿ ಅಂಟಿಸಿ ದುಂಡಗೆ ನನ್ನ ಹೆಸರು ಬರೆದಿದ್ದೆ. ಅದರ ಕೆಳಗೆ ‘ಬಿ.ಎ. ಎರಡನೇ ವರ್ಷ’. ಒಳಗಿದ್ದದ್ದು ಮಾತ್ರ ನನ್ನದಲ್ಲ. ಹವಳಗಾದ ನಮ್ಮ ಮನೆಯ ಪಡಸಾಲೆಯಲ್ಲಿ ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕೂತು ನಮ್ಮವ್ವ ಹಾಡಿದ ಪದಗಳು ಅವು. ಪುಟ ತಿರುವುತ್ತ ಹೋದೆ. ಎಲ್ಲಿಯೂ ಅವ್ವನ ಹೆಸರಿಲ್ಲ.

ಈಗ ಹವಳಗಾ ಎಂದರೆ ಜನಕ್ಕೆ ಸಕ್ಕರೆ ಕಾರ್ಖಾನೆ ನೆನಪಾಗುತ್ತದೆ. ಹಂಗಾಮಿನಲ್ಲಿ ರಸ್ತೆಯುದ್ದಕ್ಕೂ ನಿಂತ ಕಬ್ಬಿನ ಟ್ರ್ಯಾಕ್ಟರುಗಳು ನೆನಪಾಗುತ್ತವೆ. ನಾನು ಹುಡುಗಿಯಾಗಿದ್ದಾಗ ಅದು ಜೋಳದ, ತೊಗರಿಯ ಊರು. ಹಿಟ್ಟಿನ ಗಿರಣಿ ಬಂದಿದ್ದರೂ ಅವ್ವ ಬೆಳಗಿನ ಜಾವ ಕಲ್ಲು ಬಿಟ್ಟಿರಲಿಲ್ಲ. ಗಿರಣಿ ಹಿಟ್ಟಿನ ರೊಟ್ಟಿ ಬಡಿಯಲಿಕ್ಕೆ ಬರುವುದಿಲ್ಲ ಎಂಬುದು ಅವಳ ನೆಪ. ಹಾಡಲು ಇನ್ನೊಂದು ಜಾಗ ಅವಳಿಗೆ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ನಾನೂ ಒಂದು ಮನೆಯ ಸೊಸೆಯಾದ ಮೇಲೆ.

ಆ ದಿನಗಳಲ್ಲೇ ಪೇಟೆಯಿಂದ ಒಬ್ಬರು ಟೇಪ್‌ರೆಕಾರ್ಡರ್ ಹಿಡಿದು ಬಂದಿದ್ದರು. ಅವ್ವ ಚಹಾ ಮಾಡಿಕೊಟ್ಟಳು, ಶೇಂಗಾದ ಹೋಳಿಗೆ ಕಟ್ಟಿಕೊಟ್ಟಳು, ಒಪ್ಪತ್ತು ಕೂತು ಹಾಡಿದಳು. ಎರಡು ವರ್ಷಕ್ಕೆ ಪುಸ್ತಕ ಬಂತು. ಮೇಲೆ ಅವರ ಹೆಸರು ದಪ್ಪ ಅಕ್ಷರದಲ್ಲಿತ್ತು. ಅವ್ವನ ಪದಗಳ ಕೆಳಗೆ ‘ಹವಳಗಾದ ಹೆಣ್ಣುಮಗಳು’ ಎಂದಿತ್ತು. ಓದು ಬರಹ ಬಾರದ ಅವ್ವ ಪುಸ್ತಕವನ್ನು ಸೆರಗಿನಲ್ಲಿ ಒರೆಸಿ, “ನನ್ನ ಹೆಸರ ಎಲ್ಲದ, ತೋರ್ಸು” ಅಂದಳು. ನಾನು ಆ ‘ಹೆಣ್ಣುಮಗಳು’ ಎಂಬ ಶಬ್ದದ ಮೇಲೆ ಬೆರಳಿಟ್ಟು, “ಇಲ್ಲೇ ಅದ ನೋಡವ್ವ” ಅಂದೆ. ಅವಳು ಅದರ ಮೇಲೆ ಒಂದು ಸಲ ಕೈಯಾಡಿಸಿದಳು. ಆ ಸಂಗ್ರಹಕಾರರ ಮೇಲೆ ನನಗೆ ಎಷ್ಟೋ ವರ್ಷ ಸಿಟ್ಟಿತ್ತು. ಈಗ ನೋಡಿದರೆ ನನ್ನ ನೋಟುಬುಕ್ಕೂ ಅದನ್ನೇ ಮಾಡಿದೆ!

ಇದೇ ಹೊತ್ತಿಗೆ ಬೆಂಗಳೂರಿನಿಂದ ಬಂದ ಮಗಳು ಒಂದು ಪುಸ್ತಕದ ಪ್ರತಿ ತಂದಿದ್ದಳು. ಅವಳಿಗೆ ಪಿಯಾನೋ ಕಲಿಯುವ ಹುಚ್ಚು. ಪುಸ್ತಕ ಬರೆದಾತ ಜೇಮ್ಸ್ ಮನ್ರೋ ಟ್ರಾಟರ್. 1842ರಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಮುಂದೆ ಅಂತರ್ಯುದ್ಧದಲ್ಲಿ ಕಪ್ಪು ಜನರ ಪಡೆಯೊಂದರ ಅಧಿಕಾರಿಯಾಗಿ ಹೋರಾಡಿದವನು. 1878ರಲ್ಲಿ ಬಾಸ್ಟನ್ನಿನಲ್ಲಿ ಅವನ ಪುಸ್ತಕ ಅಚ್ಚಾಯಿತು. ತನ್ನ ಕಾಲದ ಕಪ್ಪು ಹಾಡುಗಾರರು, ವಾದ್ಯಗಾರರು, ರಚನಕಾರರು ಯಾರು ಯಾರು, ಎಲ್ಲಿ ಹುಟ್ಟಿದರು, ಯಾರ ಹತ್ತಿರ ಕಲಿತರು, ಯಾವ ಊರಲ್ಲಿ ಹಾಡಿದರು ಎಂದು ಒಬ್ಬೊಬ್ಬರದೇ ಹೆಸರು ಹಿಡಿದು ಬರೆದಿದ್ದಾನೆ. ಪುಸ್ತಕದ ಕೊನೆಗೆ ಅವರ ಕೆಲವು ರಚನೆಗಳನ್ನು ಸ್ವರಲಿಪಿಯ ಸಮೇತ ಅಚ್ಚು ಹಾಕಿಸಿದ್ದಾನೆ. ಗುಲಾಮಗಿರಿ ಕಾನೂನಿನಲ್ಲಿ ಮುಗಿದು ಆಗಿನ್ನೂ ಹದಿಮೂರೇ ವರ್ಷ. ಮಾರುಕಟ್ಟೆಯ ಪಟ್ಟಿಯಲ್ಲಿ ವಯಸ್ಸು, ಎತ್ತರ, ಬೆಲೆಗಳಿಂದ ಗುರುತಾಗುತ್ತಿದ್ದವರ ಮಕ್ಕಳನ್ನು ಈತ ಹೆಸರಿನಿಂದ, ರಾಗದಿಂದ ಗುರುತಿಸಿದ.

ಅವರಲ್ಲಿ ಇಬ್ಬರ ಕಥೆ ನನ್ನನ್ನು ಬಹಳ ಹೊತ್ತು ಹಿಡಿದಿತ್ತು. ಮೊದಲನೆಯವಳು ಎಲಿಜಬೆತ್ ಗ್ರೀನ್‌ಫೀಲ್ಡ್. ಗುಲಾಮಳಾಗಿ ಹುಟ್ಟಿದವಳು, ಮಂದ್ರದಿಂದ ತಾರದವರೆಗೆ ಓಡಾಡುವ ಅವಳ ಕಂಠಕ್ಕೆ ಪತ್ರಿಕೆಗಳು ಕೊಟ್ಟ ಬಿರುದು ‘ಕಪ್ಪು ಹಂಸ’. 1853ರಲ್ಲಿ ನ್ಯೂಯಾರ್ಕಿನ ದೊಡ್ಡ ಸಭಾಂಗಣದಲ್ಲಿ ಅವಳ ಕಛೇರಿಯಾದಾಗ ಕಪ್ಪು ಜನಕ್ಕೆ ಒಳಗೆ ಪ್ರವೇಶವಿರಲಿಲ್ಲ. ವೇದಿಕೆಯ ಮೇಲೆ ಹಾಡುವವಳು ಕಪ್ಪು, ಕೇಳುವವರು ಮಾತ್ರ ಬಿಳಿಯರು! ಅವಳು ತನ್ನ ಜನರ ಕ್ಷಮೆ ಕೇಳಿ, ಅವರಿಗಾಗಿ ಬೇರೆಯಾಗಿ ಹಾಡಿದಳು. ಮರುವರ್ಷ ಲಂಡನ್ನಿನ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಎದುರಿಗೂ ಹಾಡಿದಳು.

ಎರಡನೆಯವನು ಕುರುಡ ಟಾಮ್, ಪೂರ್ತಿ ಹೆಸರು ಥಾಮಸ್ ವಿಗಿನ್ಸ್. 1849ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದ. ಕೂಸಿದ್ದಾಗಲೇ ತಂದೆತಾಯಿಯ ಜೊತೆ ಬೆಥೂನ್ ಎಂಬವನಿಗೆ ಮಾರಾಟವಾದ. ಒಂದು ಸಲ ಕೇಳಿದ ರಾಗವನ್ನು ಪಿಯಾನೋದ ಮೇಲೆ ಹಾಗೇ ನುಡಿಸುತ್ತಿದ್ದ. ತಾನೇ ಹೊಸದಾಗಿ ಕಟ್ಟಿಯೂ ನುಡಿಸುತ್ತಿದ್ದ. 1860ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಅಮೆರಿಕದ ಅಧ್ಯಕ್ಷರ ಮನೆಯಲ್ಲಿ ಕಛೇರಿ ಕೊಟ್ಟ. ಗುಲಾಮಗಿರಿ ಹೋದ ಮೇಲೂ ಅವನಿಗೆ ಬಿಡುಗಡೆ ಸಿಗಲಿಲ್ಲ. ಪೋಷಕರು ಎಂಬ ಹೆಸರಿನಲ್ಲಿ ಹಳೆಯ ಯಜಮಾನನ ಮನೆಯವರೇ ಅವನನ್ನು ಊರೂರು ತಿರುಗಿಸಿದರು. ಗಳಿಕೆಯ ಬಹುಪಾಲು ಅವರ ಮನೆಗೆ ಹೋಯಿತು. ಅವನ ತಾಯಿ ಚ್ಯಾರಿಟಿ ಮಗನಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದಳು. 1887ರಲ್ಲಿ ತೀರ್ಪು ಬಂತು. ಮಗ ಹೋಗಿ ಸೇರಿದ್ದು ಅದೇ ಮನೆತನದ ಇನ್ನೊಬ್ಬಳ ವಶಕ್ಕೆ. ಹೆತ್ತವಳಿಗೆ ದೊರೆತದ್ದು ಅಷ್ಟಕ್ಕಷ್ಟೆ. ಟಾಮನ ಹೆಸರು ಜಾಹೀರಾತಿನಲ್ಲಿ ಎಷ್ಟು ದೊಡ್ಡದಾಗಿ ಅಚ್ಚಾದರೂ ಅವನ ದುಡಿಮೆಯ ಮೇಲೆ ಅವನಿಗೆ ಹಕ್ಕು ಬರಲಿಲ್ಲ.

ಹೆಸರು ಸಿಕ್ಕಿ ತಪ್ಪಿಹೋದದ್ದೂ ಉಂಟು. ಜಾರ್ಜ್ ಬ್ರಿಜ್‌ಟವರ್ ಎಂಬ ಪಿಟೀಲುಗಾರನ ತಂದೆ ಆಫ್ರಿಕನ್ ಮೂಲದವನು. 1803ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಬೀಥೋವನ್ನನೇ ಪಿಯಾನೋಕ್ಕೆ ಕೂತು, ಬ್ರಿಜ್‌ಟವರ್ ಪಿಟೀಲು ಹಿಡಿದು, ಮಸಿ ಆರದ ಒಂದು ಸೊನಾಟಾವನ್ನು ನುಡಿಸಿದರು. ಬೀಥೋವನ್ ಅದನ್ನು ಮೊದಲು ಅವನ ಹೆಸರಿಗೇ ಅರ್ಪಿಸಿದ್ದ. ಆಮೇಲೆ ಇಬ್ಬರಿಗೂ ಮನಸ್ತಾಪವಾಯಿತು. 1805ರಲ್ಲಿ ಅಚ್ಚಾಗುವಾಗ ಅರ್ಪಣೆಯಲ್ಲಿ ಕ್ರೂಟ್ಸರ್ ಎಂಬ ಇನ್ನೊಬ್ಬ ಪಿಟೀಲುಗಾರನ ಹೆಸರಿತ್ತು. ಆತ ಅದನ್ನು ಸಭೆಯಲ್ಲಿ ನುಡಿಸಲೇ ಇಲ್ಲವಂತೆ. ಲೋಕ ಇವತ್ತಿಗೂ ಅದನ್ನು ಕ್ರೂಟ್ಸರ್ ಸೊನಾಟಾ ಎಂದೇ ಕರೆಯುತ್ತದೆ.

ಟ್ರಾಟರನ ಪುಸ್ತಕವನ್ನು ಇಷ್ಟು ಮೆಚ್ಚಿದ ಮೇಲೂ ಒಂದು ತಕರಾರು ಹೇಳಬೇಕು. ಅವನ ಒಲವು ಸಭಾಂಗಣದ ಕಡೆಗೆ. ಯುರೋಪಿನ ಸಂಗೀತವನ್ನು ನಮ್ಮವರೂ ಬಿಳಿಯರಷ್ಟೇ ಚೆನ್ನಾಗಿ ಹಾಡಬಲ್ಲರು, ನುಡಿಸಬಲ್ಲರು ಎಂದು ಓದುವವರಿಗೆ ಮನಗಾಣಿಸುವ ಆತುರ ಅವನಿಗೆ. ಆ ಕಾಲದಲ್ಲಿ ಅದು ಬೇಕಾಗಿತ್ತು, ಒಪ್ಪುತ್ತೇನೆ. ಆದರೆ ಹತ್ತಿಯ ಹೊಲದಲ್ಲಿ ಬೆನ್ನು ಬಗ್ಗಿಸಿ ಹಾಡಿದವರು ಅವನ ಪುಸ್ತಕದಲ್ಲಿ ಹೆಸರಾಗಿ ಬರುವುದಿಲ್ಲ. ನಮ್ಮಲ್ಲೂ ಹಾಗೇ ಅಲ್ಲವೆ? ತಂಬೂರಿ ಹಿಡಿದು ಕೂತರೆ ಸಂಗೀತ, ಬೀಸುಕಲ್ಲಿನ ಗೂಟ ಹಿಡಿದು ಕೂತರೆ ಬರೀ ಪದ.

ಆ ಹೊಲದ ಹಾಡುಗಳು ಹೊರಗೆ ಬಂದದ್ದು ಬೇರೆ ದಾರಿಯಿಂದ. ಟೆನೆಸಿಯ ನ್ಯಾಶ್‌ವಿಲ್ ಊರಿನಲ್ಲಿ ಬಿಡುಗಡೆಯಾದ ಕಪ್ಪು ಜನರಿಗಾಗಿ ಫಿಸ್ಕ್ ಎಂಬ ಶಾಲೆ ಇತ್ತು. ಅದು ಸಾಲದಲ್ಲಿ ಮುಳುಗಿ ಮುಚ್ಚುವ ಹಂತಕ್ಕೆ ಬಂದಾಗ, 1871ರ ಅಕ್ಟೋಬರಿನಲ್ಲಿ ಒಂಬತ್ತು ಜನ ವಿದ್ಯಾರ್ಥಿಗಳು ಹಾಡಿ ಹಣ ಕೂಡಿಸಲು ಹೊರಟರು. ಅವರ ಪಿಯಾನೋ, ತಾಲೀಮು ನೋಡಿಕೊಂಡವಳು ಎಲ್ಲಾ ಶೆಪರ್ಡ್, ಇಪ್ಪತ್ತರ ಹುಡುಗಿ. ಅವಳು ಕೂಸಿದ್ದಾಗ, ಮಗಳೂ ಗುಲಾಮಳಾಗಿಯೇ ಬೆಳೆಯಬೇಕಲ್ಲ ಎಂಬ ಸಂಕಟಕ್ಕೆ ತಾಯಿ ಅವಳನ್ನೆತ್ತಿಕೊಂಡು ಹೊಳೆಗೆ ಬೀಳಲು ಹೊರಟಿದ್ದಳಂತೆ. ಒಬ್ಬ ಮುದುಕಿ ತಡೆದಳಂತೆ. ಮುಂದೆ ತಂದೆ 350 ಡಾಲರ್ ಕೊಟ್ಟು ತನ್ನ ಮಗಳನ್ನು ತಾನೇ ಕೊಂಡು ಬಿಡಿಸಿಕೊಂಡ. ಯುದ್ಧ ಮುಗಿದ ಮೇಲೆ ಅವಳು ತಾಯಿಯನ್ನು ಹುಡುಕಿ ತನ್ನ ಹತ್ತಿರ ಕರೆತಂದಳು.

ಈ ಮಕ್ಕಳಿಗೆ ತಂದೆತಾಯಿಯ ಹಾಡುಗಳನ್ನು ಪರರ ಮುಂದೆ ಹಾಡಲು ಮೊದಮೊದಲು ಮನಸ್ಸಿರಲಿಲ್ಲ. ಅವು ಮನೆಯ ಒಳಗಿನ ಹಾಡು, ದೇವರ ಮುಂದಿನ ಅಳು. ಕೊನೆಗೆ ಹಾಡಿದರು, ಕೇಳಿದವರು ಕಣ್ಣೀರು ಹಾಕಿದರು. 1873ರಲ್ಲಿ ಅವರೂ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಕೂಡಿಸಿದ ಹಣದಲ್ಲಿ ಶಾಲೆಗೆ ಎದ್ದ ಜುಬಿಲಿ ಹಾಲ್ ಎಂಬ ಕಟ್ಟಡ ಇವತ್ತಿಗೂ ನಿಂತಿದೆ. ಅವರ ಹಾಡುಗಳು 1872ರಲ್ಲೇ ಪುಸ್ತಕವಾಗಿ ಬಂದಿದ್ದವು. ಅದರ ಮೇಲಿದ್ದದ್ದು ಕೇಳಿ ಸ್ವರ ಬರೆದುಕೊಂಡ ಥಿಯೋಡರ್ ಸೀವರ್ಡ್ ಎಂಬ ಬಿಳಿಯ ಸಂಗೀತಗಾರನ ಹೆಸರು. ಓದಿ ನಾನು ಪುಸ್ತಕ ಮುಚ್ಚಿಟ್ಟು ಒಳಗೆ ಹೋಗಿ ನೀರು ಕುಡಿದು ಬಂದೆ. ಸೀವರ್ಡ್ ಕೆಟ್ಟ ಕೆಲಸ ಮಾಡಿದ ಎನ್ನಲಾರೆ. ಅವನು ಬರೆಯದಿದ್ದರೆ ಎಷ್ಟೋ ಹಾಡು ಹೋಗಿಬಿಡುತ್ತಿದ್ದವು. ನಮ್ಮ ಮನೆಗೆ ಟೇಪ್‌ರೆಕಾರ್ಡರ್ ತಂದವರ ಬಗ್ಗೆಯೂ ಇಷ್ಟು ನ್ಯಾಯ ನಾನು ಒಪ್ಪಲೇಬೇಕು. ಉಳಿಸಿದವರಿಗೆ ನಮಸ್ಕಾರ. ಆದರೆ ಉಳಿಸುವಾಗ ಹಾಡಿದವಳ ಹೆಸರೊಂದನ್ನು ಬರೆಯಲು ಎಷ್ಟು ಮಸಿ ಬೇಕಾಗುತ್ತಿತ್ತು?

ಅಷ್ಟು ದೂರದ ಕಪ್ಪು ಜನರ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಅವರ ಬಂಧುಗಳು ನಮ್ಮ ನೆಲದಲ್ಲೇ ಇದ್ದಾರೆ. ಬಹಮನಿ ಸುಲ್ತಾನರು ನಮ್ಮ ಕಲಬುರಗಿಯಿಂದಲೂ ಆಮೇಲೆ ಬೀದರಿನಿಂದಲೂ ಆಳಿದ ಕಾಲದಲ್ಲಿ ಆಫ್ರಿಕದಿಂದ ಬಂದ ಹಬ್ಶಿಗಳು ದರಬಾರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಬೀದರಿನಲ್ಲಿ ಅವರ ಗೋರಿಗಳಿರುವ ದಿಬ್ಬಕ್ಕೆ ಈಗಲೂ ಹಬ್ಶಿ ಕೋಟೆ ಎನ್ನುತ್ತಾರೆ. ಗುಲಾಮನಾಗಿ ಬಂದು ಅಹಮದನಗರದ ರಾಜ್ಯವನ್ನೇ ನಡೆಸಿದ ಮಲಿಕ್ ಅಂಬರನ ಹೆಸರು ಇತಿಹಾಸದ ಪುಸ್ತಕದಲ್ಲಿದೆ. ವಿಜಯಪುರದ ಇಖ್ಲಾಸ್ ಖಾನನ ಚಿತ್ರಗಳಿವೆ. ಅಲ್ಲಿಯ ಇಬ್ರಾಹಿಂ ರೋಜಾದ ಜೊತೆ ಮಲಿಕ್ ಸಂದಲನ ಹೆಸರು ಉಳಿದಿದೆ. ಖಡ್ಗ ಹಿಡಿದವನ, ಕಟ್ಟಡ ಕಟ್ಟಿಸಿದವನ ಹೆಸರು ಹೀಗೆ ಉಳಿಯಿತು. ನಗಾರಿ ಬಾರಿಸಿದವನ ಹೆಸರನ್ನು ಯಾರೂ ಬರೆದಿಡಲಿಲ್ಲ.

19ನೆಯ ಶತಮಾನಕ್ಕೆ ಬಂದರೂ ಇದೇ ಮಾತು. 1948ರವರೆಗೆ ನಮ್ಮ ಅಫಜಲಪುರ, ಆಳಂದ, ಜೇವರ್ಗಿ ಎಲ್ಲ ನಿಜಾಮರ ಸಂಸ್ಥಾನದಲ್ಲಿದ್ದವು. ನಮ್ಮ ಹಿರಿಯರಿಗೆ ರಾಜಧಾನಿ ಹೈದರಾಬಾದು. ಅಲ್ಲಿ ಎ.ಸಿ. ಗಾರ್ಡ್ಸ್ ಎಂಬ ಓಣಿಯಿದೆ. ಮೊದಲ ಸಲ ಆ ಹೆಸರು ಕೇಳಿದಾಗ ಅಲ್ಲಿಯವರೆಲ್ಲ ಥಂಡಿ ಹವಾದ ಯಂತ್ರ ಹಾಕಿಸಿಕೊಂಡ ಶ್ರೀಮಂತರಿರಬೇಕು ಎಂದುಕೊಂಡಿದ್ದೆ. ಎ.ಸಿ. ಅಂದರೆ ಆಫ್ರಿಕನ್ ಕ್ಯಾವಲ್ರಿ! ನಿಜಾಮರ ಕಾವಲಿಗಿದ್ದ ಆಫ್ರಿಕನ್ ಸವಾರರು ನೆಲೆಸಿದ ಜಾಗ ಅದು. ಸಂಸ್ಥಾನ ಹೋದ ಮೇಲೆ ಪಡೆಯೂ ಹೋಯಿತು. ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಉಳಿದರು.

ಒಮ್ಮೆ ಹೈದರಾಬಾದಿನ ಒಂದು ಮದುವೆಯಲ್ಲಿ ಮರ್ಫಾ ಕೇಳಿದೆ. ಯೆಮನ್ನಿನ ಅರಬರೂ ಆಫ್ರಿಕದ ಸಿದ್ದಿಗಳೂ ಆ ಊರಿಗೆ ತಂದ ತಾಳ ಅದು. ದಪ್ಪು, ಢೋಲು, ಲೋಹದ ಕೊಡ, ಕೋಲು ಇಷ್ಟೇ ಸಾಮಾನು. ಶುರುವಾಗುವಾಗ ಮಳೆಯ ಮೊದಲ ಹನಿ ತಗಡಿನ ಮೇಲೆ ಬಿದ್ದ ಹಾಗೆ; ನೋಡನೋಡುತ್ತ ಭೀಮಾ ಹೊಳೆ ತುಂಬಿ ಬಂದ ಹಾಗೆ. ಬೀಗರು, ಬಿಜ್ಜರು, ಕುರ್ಚಿಯಲ್ಲಿ ಕೂತ ಮುದುಕರು ಎಲ್ಲರ ಕಾಲೂ ತಾವಾಗಿ ಕುಣಿದವು. ನಾನು ಪಕ್ಕದವರನ್ನು “ಬಾರಿಸುವವರು ಯಾರು?” ಎಂದು ಕೇಳಿದೆ. “ಮರ್ಫಾದವರು” ಎಂಬ ಉತ್ತರ ಬಂತು. ಅಷ್ಟೇ. ಅಡಿಗೆಯವರು, ಪೆಂಡಾಲಿನವರು, ಮರ್ಫಾದವರು. ಹೆಣ್ಣುಮಗಳು.

ಇತ್ತ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ನಮ್ಮ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದಾಗ ತಪ್ಪಿಸಿಕೊಂಡು ಬಂದು ಕಾಡು ಸೇರಿದವರು ಅವರಲ್ಲಿ ಬಹಳ ಮಂದಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಡಮಾಮಿಯ ಸದ್ದು ಕೇಳಿದರೆ ಎಲ್ಲರ ಹೆಜ್ಜೆಯೂ ಒಂದೇ. ಹೆಂಗಸರು ಪುಗಡಿ ಆಡುತ್ತಾರೆ, ಹಾಡುತ್ತಾರೆ. ನೂರೈವತ್ತು ವರ್ಷದ ಹಿಂದೆ ಅಲ್ಲಿ ಡಮಾಮಿ ಬಾರಿಸಿ ಹಾಡು ಕಟ್ಟಿದವರು ಇದ್ದೇ ಇದ್ದರು. ಅವರ ಹೆಸರು ಬರೆದಿಡಲು ಟ್ರಾಟರನಂಥವನೊಬ್ಬ ಹುಟ್ಟಲಿಲ್ಲ. 1980ರ ದಶಕದಲ್ಲಿ ನೀನಾಸಂನವರು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಸಿದ್ದಿಗಳಿಂದಲೇ ಆಫ್ರಿಕದ ಲೇಖಕ ಚಿನುವ ಅಚಿಬೆಯ ಕಾದಂಬರಿಯನ್ನು ನಾಟಕವಾಗಿ ಆಡಿಸಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2021ರಲ್ಲಿ ಬಂದ ‘ಸಲಗ’ ಚಿತ್ರದ ಒಂದು ಹಾಡು ಊರೂರಿನ ಮದುವೆಯಲ್ಲಿ ಕುಣಿಸಿತಲ್ಲ, ಅದರಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿಯವರ ದನಿಯಿದೆ. ಅವರ ಹೆಸರನ್ನು ನಾನು ಇಲ್ಲಿ ಬೇಕೆಂದೇ ಬರೆಯುತ್ತಿದ್ದೇನೆ. ಹಾಡಿಗೆ ಕುಣಿದವರಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದಾರೆ?

ನಮ್ಮ ಸೀಮೆಯವರಿಗೆ ಹೆಸರಿನ ಬೆಲೆ ಗೊತ್ತಿಲ್ಲ ಎಂದಲ್ಲ. ಅದೇ 19ನೆಯ ಶತಮಾನದಲ್ಲಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ಮಡಿವಾಳಪ್ಪನವರು ತತ್ವಪದ ಹಾಡಿದರು. ಹುಟ್ಟಿನ ಕಾರಣಕ್ಕೆ ಜನ ಹೀಗಳೆದರೂ ಎದೆಗುಂದಲಿಲ್ಲ. ಚನ್ನೂರ ಜಲಾಲಸಾಹೇಬರಂಥ ಶಿಷ್ಯರು ಜಾತಿ ಮತ ದಾಟಿ ಅವರ ಹಿಂದೆ ಬಂದರು. ಅವರ ಪದಗಳನ್ನು ಏಕತಾರಿ ಹಿಡಿದವರು ಭಜನೆಯಲ್ಲಿ ಇಂದಿಗೂ ಹಾಡುತ್ತಾರೆ. ತತ್ವಪದದ ಕೊನೆಯಲ್ಲಿ ಅಂಕಿತ ಇರುತ್ತದೆ; ತಮ್ಮ ಹೆಸರನ್ನು ನೇರ ಹೇಳದೆ ಗುರುವಿನ ಹೆಸರನ್ನು ಇಡುವುದು ವಾಡಿಕೆ. ಆದರೂ ಆ ಒಂದು ಶಬ್ದದಿಂದ ಇದು ಇಂಥವರದು ಎಂದು ಅಕ್ಷರ ಬಾರದವನೂ ಹೇಳಿಬಿಡುತ್ತಾನೆ. ಕಾಗದವಿಲ್ಲದೆಯೂ ಹೆಸರು ಉಳಿಸುವ ಉಪಾಯ ನಮ್ಮವರಿಗೆ ಗೊತ್ತಿತ್ತು. ಬೀಸುಕಲ್ಲಿನ ಪದಕ್ಕೆ ಮಾತ್ರ ಅಂಕಿತವಿಲ್ಲ. ಹಾಡುವವಳು ಅದರಲ್ಲಿ ಅಣ್ಣನ ಹೆಸರು ತರುತ್ತಾಳೆ, ತವರಿನ ಹೆಸರು ತರುತ್ತಾಳೆ, ಘತ್ತರಗಿಯ ಭಾಗ್ಯವಂತಿಯನ್ನು, ಗಾಣಗಾಪುರದ ದತ್ತನನ್ನು ನೆನೆಯುತ್ತಾಳೆ. ತನ್ನ ಹೆಸರನ್ನು ತರುವುದಿಲ್ಲ.

‘ಜನಪದ’ ಎಂದರೆ ಎಲ್ಲರದೂ, ಕರ್ತೃವಿಲ್ಲದ್ದು ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದರು. ಆ ಮಾತನ್ನು ನಾನು ಈಗ ಅಷ್ಟು ಸಲೀಸಾಗಿ ಒಪ್ಪಲಾರೆ. ಹೊಲದಲ್ಲಿ ಹಾಡಿದ ಗುಲಾಮ ಹೆಂಗಸಿಗೂ, ಡಮಾಮಿ ಬಾರಿಸಿದ ಸಿದ್ದಿಗೂ, ನಮ್ಮವ್ವನಿಗೂ ಹೆಸರಿತ್ತು. ನೆರೆಯವರಿಗೆ, ಒಡಹುಟ್ಟಿದವರಿಗೆ ಯಾವ ಸಾಲು ಯಾರದೆಂದು ಗೊತ್ತೂ ಇತ್ತು. ಬರೆದುಕೊಳ್ಳಲು ಬಂದವರು ಕೇಳಲಿಲ್ಲ, ಆದ್ದರಿಂದ ಕರ್ತೃವಿಲ್ಲ ಎಂದಾಯಿತು.

ಈ ಮಾತು ನಿಜವೇ ಎಂದು ನೋಡಲೆಂದೇ ಹೋದ ತಿಂಗಳು ನೋಟುಬುಕ್ಕು ಹಿಡಿದು ಹವಳಗಾಕ್ಕೆ ಹೋದೆ. ಅವ್ವ ಈಗ ಇಲ್ಲ. ಅವಳ ತಂಗಿ, ನಮ್ಮ ಚಿಕ್ಕವ್ವ, ಇದ್ದಾಳೆ. ಅದೇ ಊರಿಗೆ ಸೊಸೆಯಾಗಿ ಬಂದವಳು. ಕಣ್ಣು ಮಂಜಾಗಿದೆ, ಕಿವಿ ಚುರುಕು. ನಾನು ಒಂದೊಂದೇ ಪದ ಓದಿದೆ. ಅವಳು ತಡವರಿಸಲಿಲ್ಲ. “ಇದು ನಮ್ಮಾಯಿದು. ಇದು ಜಾತ್ರ್ಯಾಗ ಕೇಳಿ ಬಂದದ್ದು. ಇದು ಹಿಂದಿನ ಮನಿ ಕುರುಬರಕಿದು, ಆಕಿ ಗಂಡ ಬಿಟ್ಟಾಗ ಕಟ್ಟಿದ್ದಳು.” ಕೆಲವಕ್ಕೆ ಮಾತ್ರ “ಯಾರದೋ ಏನೋ ಯವ್ವಾ” ಅಂದಳು. ಅವುಗಳ ಮುಂದೆ ಖಾಲಿ ಜಾಗ ಬಿಟ್ಟೆ. ಅರ್ಧ ಪುಸ್ತಕ ದಾಟಿದ ಮೇಲೆ ಒಂದು ಪದ ಓದುವಾಗ ಸುಮ್ಮನಾದಳು. “ಇದು ಅಕ್ಕಂದು. ನೀ ಹಾಸ್ಟೆಲಿಗೆ ಹೋದ ದಿನ ಹಾಡಿದ್ದಳು. ಅವತ್ತು ಜ್ವಾಳ ಒಂದ ಸೇರು, ಹಾಡಿದ್ದು ಹತ್ತ ಸೇರಿಂದು.”

ನನ್ನ ಕೈಯಲ್ಲಿ ಅದನ್ನು ಬರೆದುಕೊಂಡವಳು ನಾನೇ. ರಜೆಗೆ ಬಂದಾಗ ಅವ್ವ ಹಾಡಿದ್ದನ್ನು ಅಂಕಿ ಹಾಕಿ, ಮುಂದಿನ ಪದಕ್ಕೆ ಹೋಗಿದ್ದೆ. ಅದು ನನ್ನ ಮೇಲಿನ ಪದವೆಂದು ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಚಿಕ್ಕವ್ವನ ಮುಂದೆಯೇ ಹೊದಿಕೆಯ ಚೀಟಿ ಕಿತ್ತೆ. ಹೊಸ ಚೀಟಿ ಅಂಟಿಸಿ ಅವ್ವನ ಹೆಸರು, ಆಯಿಯ ಹೆಸರು, ಹಿಂದಿನ ಮನೆಯವಳ ಹೆಸರು ಬರೆದೆ. ಕೊನೆಗೆ ಸಣ್ಣದಾಗಿ ‘ಬರೆದುಕೊಂಡವಳು’ ಎಂದು ನನ್ನದು. ಓದಿ ಹೇಳಿದೆ. ಚಿಕ್ಕವ್ವ ತಲೆ ಆಡಿಸಿದಳು. “ಹೆಸರ ಬರದಿ, ಛಲೋ ಆಯ್ತು. ಹಾಡಲಿಕ್ಕ ಬರ್ತದೇನ ನಿನಗ?”

ಬರುವುದಿಲ್ಲ ಎಂದೆ. “ಕೂಡು ಹಂಗಾರ” ಎಂದು ಅವಳು ಗಂಟಲು ಸರಿಮಾಡಿಕೊಂಡಳು.